ಗೋಡೆಯಾಚೆ ಹಾಡಿದ ಬಿಷಪ್

“ತಲೆ ಬಗ್ಗಿಸಿ! ತಲೆ ಇದ್ದವರೆಲ್ಲ ಬಗ್ಗಿಸಿ!” ಎಂದು ದೋಣಿಯವನು ಕೂಗಿದ.

ಲೀಸ್‌ವೆಲ್ಡೆ ಹಳ್ಳಿಯ ಜನ ನಗುತ್ತ ಬಾಗಿದರು. ಕಲ್ಲಿನ ಸೇತುವೆಯ ಹೊಟ್ಟೆ ಅವರ ಟೋಪಿಗಳನ್ನು ಸವರುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಒಳಗೆ ತಂಪು, ಪಾಚಿಯ ವಾಸನೆ. ಆಚೆ ಬರುವಷ್ಟರಲ್ಲಿ ಬ್ರೂಗೆ ಪಟ್ಟಣದ ಏಪ್ರಿಲ್ ಬಿಸಿಲು ನೀರಿನ ಮೇಲಿಂದ ಎದ್ದು ಮುಖಕ್ಕೆ ಬಡಿಯಿತು.

“ಫಿರ್ಮಿನ್ ಯಾಕೆ ಬಗ್ಗಬೇಕು ಪಾಪ,” ಎಂದಳು ಬೇಕರಿಯ ಇರ್ಮಾ. “ಅವನ ತಲೇಲಿ ಒಡೆಯೋದಕ್ಕೆ ಏನಿದೆ?”

“ಒಡೆದ್ರೆ ನಿನ್ನ ಬ್ರೆಡ್ ಮೆತ್ತಿ ಮುಚ್ಕೋತೀನಿ ಬಿಡು. ಗಾರೆಗಿಂತ ಗಟ್ಟಿ.”

ದೋಣಿ ಅಲುಗುವಷ್ಟು ನಗು. ಫಿರ್ಮಿನ್ ಕ್ರೋಂಬೆ ಇದ್ದ ಕಡೆ ಹೀಗೇ. ಚರ್ಚಿನ ಹಾಡುಗಾರರ ತಂಡದಲ್ಲಿ ಅತಿ ತಗ್ಗಿನ ದನಿ ಅವನದು. ಫಿಂಚ್ ಹಕ್ಕಿಗಳ ಹಾಡಿನ ಪಂದ್ಯ ನಡೆಸುವ ಊರಿನ ಕೂಟಕ್ಕೆ ಅಧ್ಯಕ್ಷನೂ ಅವನೇ. ಹೋದ ಬೇಸಿಗೆಯ ಪಂದ್ಯಗಳಲ್ಲಿ ದೊಡ್ಡ ಬಹುಮಾನ ಹೊಡೆದದ್ದೂ ಅವನ ಹಕ್ಕಿ. ತಂಡದ ವರ್ಷದ ಪ್ರವಾಸಕ್ಕೆ ಬಸ್ಸು ಗೊತ್ತುಮಾಡಿದವನು ಅವನು. ಕಾಯಿಲೆ ಬಿದ್ದ ಹಾಡುಗಾರನೊಬ್ಬನ ಸೀಟಿನಲ್ಲಿ, ಒಂದು ಸಾಲನ್ನೂ ಶ್ರುತಿಯಲ್ಲಿ ಹಾಡಲಾರದ ರೆಮಿ ಲಾಗ್ರುವನ್ನು ಕೂರಿಸಿಕೊಂಡವನೂ ಅವನೇ.

ಲಾಗ್ರು ನಿವೃತ್ತನಾದ ಊರ ಪೇದೆ. ಹೊಲಗಳ ಬದುಗಳನ್ನೂ ನೀರುಗಂಡಿಗಳನ್ನೂ ಸೈಕಲ್ಲಿನಲ್ಲಿ ಕಾಯುತ್ತ ಮೊಣಕಾಲು ಸವೆಸಿದವನು. ಬಸ್ಸು ಹತ್ತಿದ್ದು ಊರು ನೋಡುವುದಕ್ಕಲ್ಲ. ಅವನ ತಂಗಿಯ ಮಗ ಜೆರೋಮ್ ಇದೇ ಬ್ರೂಗೆಯ ಸೆರೆಮನೆಯಲ್ಲಿದ್ದ. ನವೆಂಬರಿನಲ್ಲಿ ಕಾಣೆಯಾದ ತನ್ನ ಯಜಮಾನ ಅಲಿಡೋರ್ ಡೆಸ್ಕಾಕ್ತನನ್ನು ಅವನೇ ಕೊಂದನೆಂದು ಆರೋಪ. ಶವ ಸಿಕ್ಕಿರಲಿಲ್ಲ, ನೀರುಗಂಡಿಯ ಬಳಿ ಅವನ ರಕ್ತದ ಕೋಟು ಸಿಕ್ಕಿತ್ತು, ಸೋಮವಾರ ತೀರ್ಪು.

ತಿರುವಿನಲ್ಲಿ ಹಂಸಗಳ ಸಂಸಾರವೊಂದು ದಾರಿಗೆ ಅಡ್ಡ ಬಂತು. ದೋಣಿಯವನು ಇಂಜಿನ್ ನಿಲ್ಲಿಸಿದ. “ಇವರು ಇಲ್ಲಿನ ಕೌನ್ಸಿಲರುಗಳು. ಇವರು ದಾಟೋವರೆಗೂ ಯಾರೂ ಹೋಗೋ ಹಾಗಿಲ್ಲ.”

ಆ ನಿಶ್ಶಬ್ದದಲ್ಲಿ ಗೋಡೆಯ ಆಚೆ ಒಂದು ಫಿಂಚ್ ಹಾಡಿತು.

ಮೊದಲು ಸಣ್ಣ ಕೆಮ್ಮಿನಂಥದು, ಮೆಟ್ಟಲು ಹತ್ತಿ ಬಂದವರು ಗಂಟಲು ಸರಿಮಾಡಿಕೊಳ್ಳುವ ಹಾಗೆ. ಆಮೇಲೆ ಕಾಳು ಸುರಿದಂತೆ ಸ್ವರಗಳು. ಕೊನೆಗೆ, ಚೂರಿಯಲ್ಲಿ ಕತ್ತರಿಸಿಟ್ಟಷ್ಟು ಸ್ವಚ್ಛವಾಗಿ: ಸುಸ್ಕೆವೀಟ್.

ಲಾಗ್ರುವಿನ ಹೆಬ್ಬೆರಳು ತಾನಾಗಿಯೇ ಮೊಣಕಾಲಿನ ಮೇಲೆ ಒಂದು ಗೀಟು ಎಳೆಯಿತು.

ಪಂದ್ಯದ ಬೆಳಗ್ಗೆ ಊರ ರಸ್ತೆಯ ಅಂಚಿಗೆ ಮರದ ಪೆಟ್ಟಿಗೆಗಳು ಸಾಲಾಗಿ ಕೂರುತ್ತವೆ. ಪ್ರತಿ ಪೆಟ್ಟಿಗೆಯೊಳಗೆ, ಕಣ್ಣಿಗೆ ಕಾಣದಂತೆ, ಒಂದು ಫಿಂಚ್. ಅದು ಒಮ್ಮೆ ಪೂರ್ತಿ ಹಾಡಿದರೆ ಕೋಲಿನ ಮೇಲೆ ಸೀಮೆಸುಣ್ಣದ ಒಂದು ಗೀಟು. ಕೊನೆಯ ಸುಸ್ಕೆವೀಟ್ ನುಂಗಿಕೊಂಡರೆ ಗೀಟಿಲ್ಲ. ತನ್ನ ಹಕ್ಕಿಯ ಗೀಟನ್ನು ತಾನೇ ಎಳೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಎಷ್ಟೋ ವಸಂತಗಳ ಕಾಲ ಅಲಿಡೋರನ ಹಕ್ಕಿಯ ಮುಂದೆ ಕೋಲು ಹಿಡಿದು ಕೂತವನು ಲಾಗ್ರು. ಹಾಡುವ ಮೊದಲು ಕೆಮ್ಮುವ ಆ ಹಕ್ಕಿಗೆ ‘ಬಿಷಪ್’ ಎಂದು ಹೆಸರಿಟ್ಟವನೂ ಲಾಗ್ರುವೇ.

ಅಲಿಡೋರ್ ಕಾಣೆಯಾದ ವಾರದಲ್ಲೇ ಬಿಷಪ್ಪನ ಪೆಟ್ಟಿಗೆ ಖಾಲಿಯಾಗಿತ್ತು. “ಆ ಹಾಡು ಕೇಳೋಕೆ ಆಗ್ಲಿಲ್ಲ, ಹಾರಿಸಿಬಿಟ್ಟೆ,” ಎಂದಿದ್ದಳು ಅವನ ಹೆಂಡತಿ ಝುಲ್ಮಾ. ಊರು ನಂಬಿತ್ತು. ಲಾಗ್ರುವೂ ನಂಬಿದ್ದ.

ಗೋಡೆಯಾಚೆ ಮತ್ತೆ ಕೆಮ್ಮು. ಮತ್ತೆ ಸುಸ್ಕೆವೀಟ್.

ಲಾಗ್ರು ಪಕ್ಕಕ್ಕೆ ತಿರುಗಿದ. “ಫಿರ್ಮಿನ್, ಕೇಳಿಸ್ತೇನೋ?”

“ಏನು?”

“ಫಿಂಚ್.”

“ಈ ಇಂಜಿನ್ ಗಲಾಟೇಲಿ ನನ್ನ ಮಾತೇ ನನಗೆ ಕೇಳ್ತಿಲ್ಲ ಮಾರಾಯ, ಫಿಂಚಂತೆ!” ಎಂದ ಫಿರ್ಮಿನ್. ಅವನ ಕೈ ದೋಣಿಯ ಅಂಚಿನ ಮೇಲಿತ್ತು. ಹಸಿರು ಬಣ್ಣದಲ್ಲಿ ಉಗುರಿನಿಂದ ಕೆರೆದ ಎರಡು ಬಿಳಿ ಗೀರುಗಳು ಅವನ ಹೆಬ್ಬೆರಳಿನ ಪಕ್ಕದಲ್ಲಿದ್ದವು.

ಲಾಗ್ರು ಅವನ್ನು ನೋಡಿದ. ಆದರೆ ಮನಸ್ಸು ಗೋಡೆಯ ಮೇಲಿತ್ತು. ಹಳೆ ಇಟ್ಟಿಗೆಯ ಗೋಡೆ. ನೀರಿಗಿಳಿಯುವ ಎರಡು ಮೆಟ್ಟಲು. ಕಂಬದ ಮೇಲೆ ಬೋರಲು ಹಾಕಿದ ನೀಲಿ ಬಕೆಟ್ಟು. ಒಳಗಿಂದ ಹೊರಗೆ ಬಾಗಿದ ಪೇರಳೆ ಕೊಂಬೆ, ತುಂಬ ಹೂವು.

ಹಂಸಗಳು ದಾಟಿದವು. ಇಂಜಿನ್ ಕೆಮ್ಮಿ ಹೊತ್ತಿಕೊಂಡಿತು.

*

ಊಟಕ್ಕೆ ಹೊಕ್ಕ ಕಾಫಿ ಅಂಗಡಿಯ ಕಿಟಕಿಯಲ್ಲಿ ‘ತಂದ ಬುತ್ತಿ ಇಲ್ಲಿ ತಿನ್ನಬಹುದು’ ಎಂಬ ಹಲಗೆ ಇತ್ತು. ಅಂಥ ಹಲಗೆ ಇಲ್ಲದ ಅಂಗಡಿಗೆ ಲೀಸ್‌ವೆಲ್ಡೆಯವರು ಕಾಲಿಡುವುದಿಲ್ಲ. ಕಾಫಿ, ಸೂಪು ಹೇಳಿ ಎಲ್ಲರೂ ಮಡಿಲಿನ ಕಾಗದ ಬಿಚ್ಚಿದರು. ಹಂದಿ ಕೊಬ್ಬು ಸವರಿದ ದಪ್ಪ ಬ್ರೆಡ್ಡು, ಗಿಣ್ಣು, ಬೇಯಿಸಿದ ಮೊಟ್ಟೆ.

“ಝುಲ್ಮಾ ಎಲ್ಲಿ?” ಎಂದು ಲಾಗ್ರು ಕೇಳಿದ.

“ಮೋಂಬತ್ತಿ ಹಚ್ಚೋಕೆ ಹೋದ್ಲು,” ಎಂದಳು ಇರ್ಮಾ. “ದೋಣೀನೂ ಹತ್ತಲಿಲ್ಲ ನೋಡು. ಗಂಡ ಇದ್ದಾಗ ಭಾನುವಾರವೂ ಚರ್ಚಲ್ಲಿ ತೂಕಡಿಸ್ತಿದ್ಲು. ಈಗ ಮೋಂಬತ್ತಿ. ಬುತ್ತಿ ಬೇರೆ ಎರಡು ಕಟ್ಕೊಂಡು ಬಂದಿದಾಳೆ. ದುಃಖಕ್ಕೆ ಹಸಿವು ಜಾಸ್ತಿ ಅಂತ ಕಾಣುತ್ತೆ.”

ಎರಡು ಬುತ್ತಿ. ಲಾಗ್ರು ತನ್ನ ಬ್ರೆಡ್ಡನ್ನು ಬಿಚ್ಚದೆ ಮತ್ತೆ ಜೇಬಿಗೆ ಹಾಕಿ ಎದ್ದ.

“ಎಲ್ಲಿಗೋ?” ಎಂದ ಫಿರ್ಮಿನ್.

“ಜೆರೋಮನನ್ನ ನೋಡ್ಕೊಂಡು ಬರ್ತೀನಿ.”

ಮೇಜಿನ ನಗು ತಗ್ಗಿತು. ಫಿರ್ಮಿನ್ ಜೇಬು ತಡಕಿ ಹೊಸ ತಂಬಾಕಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಲಾಗ್ರುವಿನ ಕಡೆ ನೂಕಿದ. “ನಾನು ಕೊಟ್ಟೆ ಅಂತ ಹೇಳು. ಏನೇ ಮಾಡಿರ್ಲಿ, ನಮ್ಮೂರ ಹುಡುಗ.”

“ಅವನು ಏನೂ ಮಾಡಿಲ್ಲ, ಫಿರ್ಮಿನ್.”

“ಅದನ್ನೇ ನಾನೂ ದೇವರ ಹತ್ತಿರ ಕೇಳ್ಕೋತಿರೋದು,” ಎಂದು ಫಿರ್ಮಿನ್ ಅವನ ಭುಜ ತಟ್ಟಿದ.

*

ನೀರಿನ ಮೇಲಿಂದ ನೋಡಿದ ಊರು ಬೇರೆ, ರಸ್ತೆಯಿಂದ ನೋಡುವ ಊರು ಬೇರೆ ಎಂದು ಲಾಗ್ರುವಿಗೆ ಸ್ವಲ್ಪ ಹೊತ್ತಿನಲ್ಲೇ ಅರ್ಥವಾಯಿತು. ದೋಣಿಗೆ ಮನೆಗಳು ಬೆನ್ನು ತೋರಿಸಿ ಕೂತಿದ್ದವು. ಇಲ್ಲಿ ಎಲ್ಲವೂ ಮುಖ. ಸೇತುವೆ ಸಿಕ್ಕಿತು, ತಿರುವು ಸಿಕ್ಕಿತು. ಪೇರಳೆಯೂ ಇಲ್ಲ, ನೀಲಿ ಬಕೆಟ್ಟೂ ಇಲ್ಲ. ಎತ್ತರದ ಮುಂಗೋಡೆಗಳು, ಮುಚ್ಚಿದ ಬಾಗಿಲುಗಳು, ಕಿಟಕಿ ಪರದೆಯ ಹಿಂದಿನ ಬೆಕ್ಕುಗಳು.

ಹಾಡು ಕೇಳಿ ಹುಡುಕೋಣವೆಂದರೆ ಗೋಪುರದ ಗಂಟೆಗಳು ಬಿಡುತ್ತಿರಲಿಲ್ಲ. ಅವು ನಿಂತರೆ ಕುದುರೆಗಾಡಿ. ಕುದುರೆಗಾಡಿ ಹೋದರೆ ಯಾರೋ ಅಂಗಳಕ್ಕೆ ನೀರು ಸುರಿದು ಪೊರಕೆಯಲ್ಲಿ ಉಜ್ಜುವ ಸದ್ದು.

ಲಾಗ್ರು ಆತುರಪಡಲಿಲ್ಲ. ಕಳೆದುಹೋದ ಕರುವನ್ನು ಹುಡುಕುವಾಗ ಓಡಾಡುವುದಕ್ಕಿಂತ, ಕರುವಿಗೆ ಏನು ಬೇಕು ಎಂದು ಯೋಚಿಸಬೇಕು. ಸೇತುವೆಯ ಕಟ್ಟೆಗೆ ಒರಗಿ ನಿಂತು ಯೋಚಿಸಿದ. ಫಿಂಚಿಗೆ ಕಾಳು ಬೇಕು. ಕಾಳು ಅಂಗಡಿಯಲ್ಲಿ ಸಿಗುತ್ತದೆ. ಕತ್ತಲು ಬೇಕು, ಗಾಳಿ ತಗಲದ ಜಾಗ ಬೇಕು. ವಸಂತದಲ್ಲಿ ಹಸಿರು ಬೇಕು: ಬಿಳಿ ಚುಕ್ಕಿ ಹೂವಿನ ಆ ಮೆತ್ತನೆಯ ಕಳೆ, ಊರಿನಲ್ಲಾದರೆ ಪ್ರತಿ ಬದುವಿನಲ್ಲೂ ಸಿಗುವಂಥದು. ಅದನ್ನು ಕೊಡದಿದ್ದರೆ ಹಕ್ಕಿ ಕೊನೆಯ ಸ್ವರ ನುಂಗುತ್ತದೆ ಎಂದು ಅಲಿಡೋರ್ ದಿನವೂ ಬೆಳಗ್ಗೆ ಚೂರಿ ಹಿಡಿದು ಬದುವಿಗೆ ಹೋಗುತ್ತಿದ್ದ.

ಈ ಹಕ್ಕಿ ಕೊನೆಯ ಸ್ವರ ನುಂಗಿರಲಿಲ್ಲ.

ಲಾಗ್ರು ಬಾಗಿಲುಗಳನ್ನು ನೋಡುವುದನ್ನು ಬಿಟ್ಟು ಹೊಸ್ತಿಲುಗಳನ್ನು ನೋಡತೊಡಗಿದ. ಈ ಊರಿನ ಹೆಂಗಸರು ಕಲ್ಲುಹಾಸಿನ ಸಂದನ್ನೂ ಚಾಕುವಿನಿಂದ ಕೆರೆದು ತೊಳೆಯುವವರು. ಬೀದಿಯುದ್ದಕ್ಕೂ ಒಂದು ಹುಲ್ಲಿನ ಎಸಳಿಲ್ಲ. ಎಡಕ್ಕೆ ಓಣಿ. ಓಣಿಯ ಕೊನೆಯಲ್ಲಿ ಸುಣ್ಣ ಬಳಿದ ಪುಟ್ಟ ಮನೆಗಳ ಒಂದು ಸಾಲು. ಗತಿಯಿಲ್ಲದ ಮುದುಕಿಯರಿಗೆಂದು ಯಾರೋ ಪುಣ್ಯಾತ್ಮರು ಹಿಂದೆ ಕಟ್ಟಿಸಿದ ಧರ್ಮದ ಮನೆಗಳು. ಎಲ್ಲ ಹೊಸ್ತಿಲೂ ಬೋಳು.

ಕೊನೆಯದರ ಪಕ್ಕ, ಗೋಡೆಯ ಬುಡದಲ್ಲಿ, ಹಸಿರು ಕಳೆ ಮೊಳದಗಲ ಹಬ್ಬಿತ್ತು. ಬಿಳಿ ಚುಕ್ಕಿ ಹೂವು. ಅರ್ಧಭಾಗವನ್ನು ಚೂರಿಯಲ್ಲಿ ನೀಟಾಗಿ ಕೊಯ್ದಿದ್ದರು, ಬೇರು ಕಿತ್ತಿರಲಿಲ್ಲ.

ಲಾಗ್ರು ಕುಕ್ಕರಗಾಲಲ್ಲಿ ಕೂತು ಕೊಯ್ದ ತುದಿಯನ್ನು ಮುಟ್ಟಿ ನೋಡಿದ. ಇನ್ನೂ ಒದ್ದೆ.

ಬಾಗಿಲು ತಟ್ಟಿದ.

ತೆರೆದವಳು ಕಪ್ಪು ಶಾಲು ಹೊದ್ದ ಮುದುಕಿ. ಅವಳ ಬೆರಳುಗಳ ನಡುವೆ ಲೇಸು ಹೆಣೆಯುವ ಪುಟ್ಟ ಮರದ ಕಡ್ಡಿ ಇನ್ನೂ ಇತ್ತು. “ಲೇಸು ಮಾರಾಟಕ್ಕಿಲ್ಲ. ದೇವರ ವಿಷಯ ಮಾತಾಡೋಕೆ ಬಂದಿದ್ರೆ ನನಗೆ ಗೊತ್ತಿರೋದು ಸಾಕು.”

“ನೀರು ಸಿಗುತ್ತಾ ತಾಯಿ? ತುಂಬಾ ನಡೆದುಬಿಟ್ಟೆ.”

“ಊರ ತುಂಬ ನೀರಿದೆಯಲ್ಲಪ್ಪ.”

“ಅದರಲ್ಲಿ ಹಂಸ ಸ್ನಾನ ಮಾಡ್ತಾವೆ.”

ಮುದುಕಿಯ ಬಾಯಂಚು ಸಡಿಲವಾಯಿತು. ಅಷ್ಟರಲ್ಲಿ ಒಳಗಿನ ಕತ್ತಲಿಂದ ಒಂದು ಕೆಮ್ಮು. ಆಮೇಲೆ ಕಾಳು ಸುರಿದಂತೆ ಸ್ವರಗಳು. ಸುಸ್ಕೆವೀಟ್.

ಮುದುಕಿ ಬಾಗಿಲು ನೂಕಿದಳು. ಲಾಗ್ರು ಪೇದೆಯಾಗಿದ್ದಾಗಿನ ಅಭ್ಯಾಸದಂತೆ ಬೂಟಿನ ಮುಂಭಾಗ ಒಳಗಿಟ್ಟಿದ್ದ.

“ಬಿಡಿ ಚಿಕ್ಕಮ್ಮ,” ಎಂದಿತು ಒಳಗಿಂದ ಒಂದು ದನಿ. “ಅವನ ಬೂಟು ನನಗೆ ಗೊತ್ತು. ಒಳಗೇ ಬರ್ಲಿ.”

*

ಝುಲ್ಮಾ ಒಲೆಯ ಮುಂದೆ ನಿಂತಿದ್ದಳು. ಮೈಮೇಲೆ ಇನ್ನೂ ಪ್ರವಾಸದ ಕೋಟಿತ್ತು. ಕೈಯಲ್ಲಿ ಬೆಂಕಿ ಕೆದಕುವ ಸಲಾಕೆ. ಮೇಜಿನ ಮೇಲೆ ಬಿಚ್ಚಿದ ಎರಡನೆಯ ಬುತ್ತಿ.

ಮೇಜಿನ ಹಿಂದೆ, ಹಿತ್ತಲ ಕಿಟಕಿಗೆ ಮುಖ ಮಾಡಿ, ಅಲಿಡೋರ್ ಡೆಸ್ಕಾಕ್ತ ಕೂತಿದ್ದ.

ಲಾಗ್ರು ಟೋಪಿ ತೆಗೆದ. ಯಾಕೆ ತೆಗೆದನೋ ಅವನಿಗೇ ಗೊತ್ತಾಗಲಿಲ್ಲ.

ಅಲಿಡೋರ್ ಸಣ್ಣಗಾಗಿದ್ದ. ಎಡಗಿವಿಯ ಮೇಲೆ ಕೂದಲಿಲ್ಲದ ಅಂಗೈಯಗಲದ ಗುಳಿ. ಅವನ ಮುಂದೆ ಒಂದು ಕಪ್ಪು ಹಲಗೆ. ಹೊರಗೆ ಪೇರಳೆ ಮರದ ನೆರಳಿನಲ್ಲಿ ಪೆಟ್ಟಿಗೆ ಇತ್ತು. ಬಿಷಪ್ ಹಾಡಿತು, ಅಲಿಡೋರನ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಒಂದು ಗೀಟು ಎಳೆಯಿತು. ಲಾಗ್ರು ಬಂದದ್ದನ್ನು ಅವನು ನೋಡಲಿಲ್ಲ.

“ಅಲಿಡೋರ್,” ಎಂದ ಲಾಗ್ರು.

“ಮಾತಿಲ್ಲ ಅವನಿಗೆ,” ಎಂದಳು ಝುಲ್ಮಾ. “ಕೊಟ್ರೆ ಉಣ್ತಾನೆ. ಹಾಸಿದ್ರೆ ಮಲಗ್ತಾನೆ. ಮಿಕ್ಕಿದ್ದೆಲ್ಲ ಆ ಹಕ್ಕಿ.”

ಲಾಗ್ರು ಗೋಡೆ ಹಿಡಿದು ನಿಂತ. ಆಮೇಲೆ, ಕೆಳಗಿನಿಂದ ಕುದಿ ಬಂದ ಹಾಗೆ, ಸಿಟ್ಟು ಬಂತು.

“ಜೀವಂತವಾಗಿದಾನೆ! ನನ್ನ ತಂಗಿ ಮಗ ಇಲ್ಲೇ ಪಕ್ಕದ ಬೀದೀಲಿ ಕೊಳೀತಾ ಇದಾನೆ, ಝುಲ್ಮಾ. ಸೋಮವಾರ ಅವನನ್ನ ಕೊಲೆಗಾರ ಅಂತಾರೆ. ನೀನು ದಿನಾ ಬೆಳಗ್ಗೆ ಅವನ ತಾಯಿಗೆ ಹಾಲು ಹಾಕ್ತೀಯ. ಮುಖ ಹ್ಯಾಗೆ ತೋರಿಸ್ತೀಯೆ?”

“ಕಷ್ಟಪಟ್ಟು ತೋರಿಸ್ತೀನಿ,” ಎಂದಳು ಝುಲ್ಮಾ. ಸಲಾಕೆ ಕೆಳಗಿಳಿಯಲಿಲ್ಲ. “ಅಲ್ಲೇ ನಿಲ್ಲು ರೆಮಿಯಣ್ಣ. ಮುಂದೆ ಬರ್ಬೇಡ.”

“ನನ್ನ ಮೇಲೆ ಎತ್ತುತ್ತೀಯ ಅದನ್ನ?”

“ನೀನೂ ಹೋದ ಬೇಸಿಗೇಲಿ ಬಹುಮಾನ ಗೆದ್ದಿದ್ದೆ.”

ಲಾಗ್ರುವಿಗೆ ಅರ್ಥವಾಗಲಿಲ್ಲ. “ಗೆದ್ದಿದ್ದೆ. ನನ್ನ ಹಕ್ಕಿಗೆ ಒಂದು ಹಂದಿ ತೊಡೆ ಸಿಕ್ತು. ಅದಕ್ಕೇನೀಗ?”

ಝುಲ್ಮಾ ಅವನ ಮುಖವನ್ನೇ ನೋಡಿದಳು, ಸಂತೆಯಲ್ಲಿ ದನದ ಹಲ್ಲು ನೋಡುವಷ್ಟು ಹೊತ್ತು. ಆಮೇಲೆ ಒಮ್ಮೆಗೇ ಕೂತುಬಿಟ್ಟಳು.

“ನವೆಂಬರಿನ ಆ ದಿನ ಸಾಯಂಕಾಲ ಇವನು ಸಿಟ್ಟಿಂದ ಉರೀತಿದ್ದ. ‘ಬೇಸಿಗೆ ಬಹುಮಾನ ಮೋಸದ್ದು ಕಣೆ. ಒಂದೇ ಪೆಟ್ಟಿಗೇಲಿ ಎರಡು ಹಕ್ಕಿ ಕೂರಿಸಿದಾರೆ. ಒಂದು ನಿಲ್ಲಿಸಿದ್ರೆ ಇನ್ನೊಂದು ಹಾಡುತ್ತೆ. ನಾಳೆ ಕೂಟದ ಸಭೇಲಿ ಎದ್ದು ಹೇಳ್ತೀನಿ’ ಅಂದ. ಯಾರ ಪೆಟ್ಟಿಗೆ ಅಂದೆ. ‘ಮೊದಲು ಅವನಿಗೇ ಹೇಳ್ಬೇಕು, ಗೆಳೆಯ ಅವನು, ತಾನಾಗೇ ಒಪ್ಕೊಳ್ಳೋಕೆ ಒಂದು ಅವಕಾಶ ಕೊಡ್ತೀನಿ’ ಅಂತ ಹೊರಟ. ಬೆಳಗ್ಗೆ ನೀರುಗಂಡಿ ಹತ್ರ ಸಿಕ್ಕಿದ. ಮುಖ ಕೆಳಗೆ, ನೀರಿಗೆ ಗೇಣಷ್ಟೇ ಬಾಕಿ.”

“ನನ್ನ ಕೂಗಬಹುದಾಗಿತ್ತಲ್ಲ!”

“ಗೆಳೆಯ ಅಂದಿದ್ದ. ಇವನ ಹಕ್ಕಿ ಮುಂದೆ ಕೋಲು ಹಿಡಿದು ಕೂರೋ ಗೆಳೆಯ ಯಾರು, ಹೇಳು?”

“ನಾನು,” ಎಂದ ಲಾಗ್ರು.

“ಬದುಕಿದಾನೆ ಅಂತ ತಿಳಿದ್ರೆ ಹೊಡೆದೋನು ಮುಗಿಸೋಕೆ ಬರ್ತಾನೆ ಅಂದ್ಕೊಂಡೆ. ನಮ್ಮ ಕಾಲುವೇಲಿ ಬೀಟ್‌ಗೆಡ್ಡೆ ದೋಣಿ ನಿಂತಿತ್ತು, ನಡೆಸೋನು ಚಿಕ್ಕಮ್ಮನ ಕಡೆಯೋನು. ಗೋಣಿ ಕೆಳಗೆ ಮಲಗಿಸಿ ನೀರಲ್ಲೇ ಇಲ್ಲಿವರೆಗೂ ತಂದ. ರಕ್ತದಲ್ಲಿ ಒದ್ದೆಯಾದ ಕೋಟು ಬಿಚ್ಚಿ ಅಲ್ಲೇ ಬಿಟ್ಟೆ. ಜೆರೋಮ್ ಹಿಂದಿನ ದಿನ ಕುದುರೆ ವಿಷಯಕ್ಕೆ ಇವನ ಜೊತೆ ಜಗಳ ಆಡಿದ್ದ, ಆ ಕೋಟು ಅವನ ಕೊರಳಿಗೆ ಸುತ್ಕೊಳ್ಳುತ್ತೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ.”

“ಹಕ್ಕಿ?”

“ಹಕ್ಕಿ ಇಲ್ಲದೆ ಇವನು ಬಾಯಿಗೆ ಏನೂ ಹಾಕ್ಕೊಳ್ಳಲಿಲ್ಲ,” ಎಂದಳು ಬಾಗಿಲ ಬಳಿಯಿಂದ ಚಿಕ್ಕಮ್ಮ ಲಿಯೋನಿ. “ನಾನೇ ತರಿಸಿದೆ. ಇಲ್ಲಿ ಗಂಡಸರನ್ನ ಇಟ್ಕೊಳ್ಳೋ ಹಾಗಿಲ್ಲ, ಗೊತ್ತಾದ್ರೆ ನನ್ನನ್ನ ಈ ವಯಸ್ಸಲ್ಲಿ ಬೀದಿಗೆ ಹಾಕ್ತಾರೆ. ಅಕ್ಕಪಕ್ಕದವರಿಗೆ, ನನಗೆ ಹಕ್ಕಿ ಹುಚ್ಚು ಹಿಡಿದಿದೆ ಅಂತ ಹೇಳಿದೀನಿ. ನಂಬಿದಾರೆ. ನಂಬಿದ್ದೇ ಬೇಜಾರು.”

ಝುಲ್ಮಾ ನಗಲಿಲ್ಲ. “ಜೆರೋಮನಿಗೆ ಸುತ್ತ ಗೋಡೆ ಇದೆ, ಕಾವಲಿದೆ. ಇವನಿಗೆ ನಾನೊಬ್ಬಳು. ಹಾಗಂತ ಚಳಿಗಾಲ ಪೂರ್ತಿ ಸಮಾಧಾನ ಮಾಡ್ಕೊಂಡೆ. ಇವತ್ತು ಆಗ್ಲಿಲ್ಲ. ಜಡ್ಜ್ ಹತ್ರ ಹೋಗೋಣ ಅಂತಲೇ ಬಂದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ.”

“ಈಗ ಹೋಗೋಣ,” ಎಂದ ಲಾಗ್ರು. “ಇವನನ್ನೂ ಕರ್ಕೊಂಡು. ಮಾತಾಡದಿದ್ರೂ ಸರಿ. ಇವನು ಉಸಿರಾಡ್ತಿರೋದು ಸಾಕು, ಜೆರೋಮ್ ಹೊರಗೆ ಬರ್ತಾನೆ.”

“ಆಮೇಲೆ? ಹೊಡೆದೋನು ಯಾರು ಅಂತ ಗೊತ್ತಿಲ್ಲದೆ ಇವನನ್ನ ಊರಿಗೆ ಹ್ಯಾಗೆ ಕರ್ಕೊಂಡು ಹೋಗ್ಲಿ? ಆ ಬೇಸಿಗೆ ಬಹುಮಾನ ಗೆದ್ದೋರು ಅರ್ಧ ಊರು.” ಝುಲ್ಮಾ ತಟ್ಟನೆ ತಲೆ ಎತ್ತಿದಳು. “ನೀನು ಹ್ಯಾಗೆ ಬಂದೆ ಇಲ್ಲಿಗೆ?”

“ದೋಣೀಲಿ ಹೋಗುವಾಗ ಬಿಷಪ್ ಹಾಡ್ತು.”

“ದೋಣೀಲಿ ಇನ್ಯಾರಿದ್ರು?”

“ಇರ್ಮಾ, ಹಾಡೋ ಹೆಂಗಸರು… ಹಕ್ಕಿ ಬಲ್ಲೋರು ಯಾರೂ ಇರ್ಲಿಲ್ಲ. ಫಿರ್ಮಿನ್ ಒಬ್ಬ. ಅವನಿಗೆ ಇಂಜಿನ್ ಗಲಾಟೇಲಿ…”



ಇಂಜಿನ್ ನಿಂತಿತ್ತು. ಹಂಸಗಳು ದಾಟುತ್ತಿದ್ದವು. ಅಷ್ಟು ನಿಶ್ಶಬ್ದವಾಗಿತ್ತೆಂದೇ ತನಗೆ ಆ ಕೆಮ್ಮು ಕೂಡ ಕೇಳಿಸಿದ್ದು.

ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಪಂದ್ಯದಲ್ಲಿ ಕೂತು ಕೂತು ಅಭ್ಯಾಸವಾದ ಬೆರಳು. ಸುಸ್ಕೆವೀಟ್ ಕಿವಿಗೆ ಬಿದ್ದರೆ, ಬೇಡವೆಂದರೂ ಗೀಟು ಎಳೆಯುತ್ತದೆ. ಹಕ್ಕಿ ಹಾಡಿದ್ದು ಎರಡು ಸಲ. ದೋಣಿಯ ಹಸಿರು ಬಣ್ಣದಲ್ಲಿ, ಫಿರ್ಮಿನನ ಹೆಬ್ಬೆರಳಿನ ಪಕ್ಕದಲ್ಲಿ, ಎರಡು ಬಿಳಿ ಗೀರು.

“ಚಿಕ್ಕಮ್ಮ,” ಎಂದ ಲಾಗ್ರು ಮೆಲ್ಲಗೆ. “ಬಾಗಿಲಿಗೆ ಅಗುಳಿ ಹಾಕಿದೀರಾ?”

ಲಿಯೋನಿ ಬಾಗಿಲ ಕಡೆ ನೋಡಿದಳು. ಅದು ಅವನ ಬೂಟು ಒತ್ತಿದ್ದಾಗ ಹೇಗಿತ್ತೋ ಹಾಗೆಯೇ ಒಂದಿಷ್ಟು ತೆರೆದಿತ್ತು.

ಓಣಿಯ ಕಲ್ಲುಹಾಸಿನ ಮೇಲೆ ಹೆಜ್ಜೆಯ ಸದ್ದು. ಅವಸರವಿಲ್ಲದ, ಭಾರವಾದ ಹೆಜ್ಜೆ. ಅದು ಹೊಸ್ತಿಲ ಪಕ್ಕದಲ್ಲಿ ನಿಂತಿತು. ಕಳೆ ಇದ್ದ ಕಡೆ.

“ರೆಮಿ!” ಚರ್ಚಿನ ಅತಿ ತಗ್ಗಿನ ಆ ದನಿ ನಗುನಗುತ್ತಲೇ ಕರೆಯಿತು. “ಲೋ ರೆಮಿ! ತಂಬಾಕು ಮೇಜಿನ ಮೇಲೇ ಬಿಟ್ಟು ಬಂದಿದೀಯಲ್ಲೋ. ಜೆರೋಮನಿಗೆ ಏನು ಕೊಡ್ತೀಯ?”

ಮೇಜಿನ ಬಳಿ ಏನೋ ಪಟ್ಟೆಂದಿತು. ಲಾಗ್ರು ತಿರುಗಿದ.

ಅಲಿಡೋರನ ಬೆರಳುಗಳ ನಡುವೆ ಸೀಮೆಸುಣ್ಣ ಮುರಿದಿತ್ತು. ಚಳಿಗಾಲ ಪೂರ್ತಿ ಯಾವ ಮನುಷ್ಯನ ದನಿಗೂ ತಿರುಗದ ಆ ತಲೆ ಬಾಗಿಲ ಕಡೆ ತಿರುಗಿತ್ತು. ಅವನು ಅಂಗೈಯಿಂದ ಹಲಗೆಯ ಗೀಟುಗಳನ್ನು ಒಂದೊಂದಾಗಿ ಒರೆಸುತ್ತಿದ್ದ.

ಝುಲ್ಮಾ ಸಲಾಕೆ ಎತ್ತಿಕೊಂಡಳು. ಲಾಗ್ರು ಬೆರಳನ್ನು ತುಟಿಗಿಟ್ಟು, ಉಸಿರು ಹಿಡಿದು, ಬಾಗಿಲಿಗೂ ಮೇಜಿಗೂ ನಡುವೆ ನಿಂತ. ಯಾರೂ ಅಲುಗದಿದ್ದರೆ, ಇದು ಯಾರೋ ಮುದುಕಿಯ ಮನೆ ಎಂದುಕೊಂಡು ಫಿರ್ಮಿನ್ ಹಿಂತಿರುಗಬಹುದು.

ಹಿತ್ತಲ ಪೇರಳೆಯ ನೆರಳಿನಲ್ಲಿ ಬಿಷಪ್ ಗಂಟಲು ಸರಿಮಾಡಿಕೊಂಡಿತು.